ಮುಂಬೈ ಕಾರುಗಳ ಹೆಚ್ಚುವರಿ ದೀಪ: ಹದ ತಪ್ಪಿದ ಬೆಳಕಿನ ಚರಿತ್ರೆ

ಮುಂಬೈಗೆ ಬೆಳಕು ಬೇಗ ಬಂತು. 1865ರಲ್ಲೇ ಬೀದಿಗಳಲ್ಲಿ ಗ್ಯಾಸ್ ದೀಪಗಳು ಉರಿದವು, 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ವಿದ್ಯುತ್ ಬಂತು. ಮೋಟಾರು ಕಾರು ಈ ನಗರಕ್ಕೆ ಕಾಲಿಟ್ಟಾಗ ಬೀದಿಯ ಬೆಳಕು ಆಗಲೇ ಅಲ್ಲಿತ್ತು. ಆದ್ದರಿಂದ ಕೋಟೆ ಪ್ರದೇಶದಿಂದ ದಾದರ್‌ವರೆಗಿನ ಓಡಾಟದಲ್ಲಿ ಹೆಡ್‌ಲೈಟಿನ ಮುಖ್ಯ ಕೆಲಸ ದಾರಿ ತೋರುವುದಕ್ಕಿಂತ ವಾಹನ ಬರುತ್ತಿದೆ ಎಂದು ಇತರರಿಗೆ ತಿಳಿಸುವುದಾಗಿತ್ತು. ಹೆಚ್ಚುವರಿ ದೀಪದ ನಿಜವಾದ ಅಗತ್ಯ ಹುಟ್ಟಿದ್ದು ಊರಿನ ಬೆಳಕು ಮುಗಿಯುವಲ್ಲಿ: ಖೋಪೋಲಿಯಿಂದ ಖಂಡಾಲಕ್ಕೆ ಏರುವ ಭೋರ್ ಘಾಟಿಯಲ್ಲಿ, ನಾಸಿಕದ ದಾರಿಯ ಕಸಾರಾ ಘಾಟಿಯಲ್ಲಿ. ಒಂದೇ ಕಾರು ಈ ಎರಡೂ ಲೋಕಗಳಲ್ಲಿ ಓಡಬೇಕು. ಹಾಗಾಗಿ ದೀಪ ಆರಿಸುವವರು ಅದರ ಪ್ರಖರತೆಗಿಂತ ಮೊದಲು ಬೆಳಕು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಈ ನಗರದ ಮೋಟಾರು ಚರಿತ್ರೆ ಹೇಳುವುದು ಇದನ್ನೇ.

ಮುಂಬೈಯಲ್ಲಿ ಕಾರು ಕಾರ್ಖಾನೆ ಕಟ್ಟಬೇಕೆಂದು 1930ರ ದಶಕದಲ್ಲೇ ಯೋಜನೆ ಹಾಕಿ ಹೋರಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದ ಆ ಕಾರ್ಖಾನೆಯಿಂದ ಬಂದ ಫಿಯಟ್ 1100, ಮುಂದೆ ಪದ್ಮಿನಿ ಎಂಬ ಹೆಸರಿನಲ್ಲಿ ಮುಂಬೈಯ ಟ್ಯಾಕ್ಸಿಯೇ ಆಯಿತು. ಹಳೆಯ ಫಿಯಟ್‌ಗಳಲ್ಲಿ ವಿದ್ಯುತ್ತು ಕೊಡುತ್ತಿದ್ದುದು ಡೈನಮೊ. ಎಂಜಿನ್ ನಿಧಾನವಾದರೆ ಅದರ ಶಕ್ತಿ ಕುಗ್ಗಿ ದೀಪ ಮಂಕಾಗುತ್ತಿತ್ತು. ಇಂಥ ಕಾರಿಗೆ 55 ವ್ಯಾಟಿನ ಎರಡು ದೀಪ ಸೇರಿಸಿದರೆ 12 ವೋಲ್ಟಿನಲ್ಲಿ 9 ಆಂಪಿಯರಿಗೂ ಹೆಚ್ಚು ಹೊರೆ. ಮಳೆಯಲ್ಲಿ ವೈಪರ್ ಕೂಡ ಓಡುತ್ತಿರುವಾಗ ಬ್ಯಾಟರಿಯೇ ಬರಿದಾಗುವ ಅಪಾಯ. ತೆಳ್ಳನೆಯ ತಂತಿಯಲ್ಲಿ ವೋಲ್ಟೇಜು ಕುಸಿಯುವುದರಿಂದ ರಿಲೇ, ದಪ್ಪ ತಂತಿ, ಫ್ಯೂಸ್ ಇಲ್ಲದೆ ಎಷ್ಟೇ ದುಬಾರಿ ದೀಪವಾದರೂ ತನ್ನ ಬೆಲೆಗೆ ತಕ್ಕಷ್ಟು ಬೆಳಗುವುದಿಲ್ಲ. ಎಲ್‌ಇಡಿ ಬಂದು ಹೊರೆ ಇಳಿದರೂ ವೈರಿಂಗಿನ ಶಿಸ್ತು ಬದಲಾಗಿಲ್ಲ.

ಬೆಳಕನ್ನು ತಡೆಯುವ ಪಾಠವೂ ಮುಂಬೈಗೆ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ, ಮತ್ತೆ 1965 ಮತ್ತು 1971ರ ಯುದ್ಧಗಳಲ್ಲಿ ನಗರ ಬ್ಲ್ಯಾಕ್‌ಔಟ್ ಕಂಡಿತು. ಆಗ ಹೆಡ್‌ಲೈಟುಗಳನ್ನೂ ಮರೆಮಾಡಬೇಕಿತ್ತು. ಶಾಂತಿಕಾಲದಲ್ಲೂ ಟ್ಯಾಕ್ಸಿ, ಲಾರಿಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಳಿಯುವ ರೂಢಿ ಬಹುಕಾಲ ಉಳಿಯಿತು. ಕಾರಣ ಸರಳ: ಎದುರಿನವನ ಕಣ್ಣು ಕುಕ್ಕಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇದನ್ನೇ ಅಳತೆಗೆ ತಂದಿತು. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಸದಾ ಕೆಳಕ್ಕೆ ಬಾಗಿರಬೇಕು. ಬಣ್ಣ ಬಳಿದು ಮಾಡುತ್ತಿದ್ದ ಕೆಲಸವನ್ನು ಇಂದು ಒಳ್ಳೆಯ ದೀಪದ ಗಾಜು ಮತ್ತು ಪ್ರತಿಫಲಕಗಳೇ ಮಾಡುತ್ತವೆ.

ಈ ಅಳತೆಗೋಲಿನಿಂದ ನೋಡಿದರೆ ಆಯ್ಕೆ ಸ್ಪಷ್ಟವಾಗುತ್ತದೆ. ಫಾಗ್ ಲ್ಯಾಂಪಿನ ಬೆಳಕು ಅಗಲ, ಗಿಡ್ಡ. ಮೇಲಂಚು ಕತ್ತರಿಸಿದಂತೆ ನಿಲ್ಲುತ್ತದೆ. ಅದನ್ನು ಬಂಪರಿನ ಕೆಳಗೆ ಕೂರಿಸಿದರೆ ಖಂಡಾಲದ ಮಳೆಗಾಲದ ಮಂಜಿನಲ್ಲಿ ರಸ್ತೆಯ ಅಂಚು ಕಾಣುತ್ತದೆ, ಕಣ್ಣೆದುರು ಬಿಳಿ ಗೋಡೆ ಏಳುವುದಿಲ್ಲ. ಡ್ರೈವಿಂಗ್ ಲ್ಯಾಂಪಿನ ಬೆಳಕು ಕಿರಿದು, ದೂರಗಾಮಿ. ಅದು ಹೈ ಬೀಮಿನ ಜೊತೆಗೇ ಹತ್ತಿ ಅದರ ಜೊತೆಗೇ ಆರಬೇಕು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಫ್ರಾನ್ಸ್ 1993ರವರೆಗೆ ಹಳದಿ ಹೆಡ್‌ಲೈಟನ್ನು ಕಡ್ಡಾಯ ಮಾಡಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ. ಹಳದಿ ಕೆಲವರ ಕಣ್ಣಿಗೆ ಹಿತವಾಗಬಹುದು, ಆದರೆ ಮೇಲಂಚಿನ ಕತ್ತರಿಕೆಗೆ ಅದು ಬದಲಿಯಾಗದು.

ಎದುರು ಬರುವವರೆಲ್ಲ ಕಣ್ಣು ಕುಕ್ಕುವಾಗ ನಾನೊಬ್ಬನೇ ಏಕೆ ಸಂಯಮ ಪಾಲಿಸಲಿ ಎಂಬ ಆಕ್ಷೇಪ ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಮ್ಮ ದೀಪದಿಂದ ಕ್ಷಣಕಾಲ ಕುರುಡಾದ ಚಾಲಕ ಆ ದೂರವನ್ನು ಕ್ರಮಿಸುವುದು ನಮ್ಮ ಕಡೆಗೇ. 2002ರಲ್ಲಿ ತೆರೆದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ವಿಭಜಕವಿದೆಯಲ್ಲ ಎನ್ನುವವರು ಮುಂದಿನ ವಾಹನದ ಕನ್ನಡಿಗಳನ್ನು ಮರೆಯುತ್ತಾರೆ. ಅಲ್ಲದೆ ಅದೇ ಕಾರು ರಾತ್ರಿ ಮುಗಿಯುವ ಮೊದಲು ಸಯನ್, ಚೆಂಬೂರಿನ ಪಾದಚಾರಿಗಳ ನಡುವೆ ಹಾಯಬೇಕು. ಆದ್ದರಿಂದ ಅಂಗಡಿಯಲ್ಲಿ ಲ್ಯೂಮೆನ್ ಎಷ್ಟೆಂದು ಕೇಳುವ ಮುನ್ನ ಬೆಳಕನ್ನು ಗೋಡೆಯ ಮೇಲೆ ಬಿಟ್ಟು ತೋರಿಸಲು ಹೇಳಬೇಕು. ಮೇಲಂಚು ಚದುರಿದ ದೀಪವನ್ನು, ಎಷ್ಟೇ ಅಗ್ಗವಾಗಿದ್ದರೂ, ಅಲ್ಲೇ ಬಿಟ್ಟು ಬರಬೇಕು.