ಕೆಟ್ಟರೆ ಎಲ್ಲಿಯವರೆಗೆ ಕೆಡಬೇಕು?

ದೊಡ್ಡ ಕಂಪನಿಗಳಿಗೆ ನೆಟ್‌ವರ್ಕ್ ವಿನ್ಯಾಸ ಮಾಡುವ ವಿದ್ಯೆಯನ್ನು ನಮ್ಮ ಪೀಳಿಗೆಯವರು ಕಾಲೇಜಿನಲ್ಲಿ ಕಲಿಯಲಿಲ್ಲ. ಅಲ್ಲಿ ಟ್ಯಾನೆನ್‌ಬಾಮ್ ಅವರ ನೆಟ್‌ವರ್ಕ್ ಪಠ್ಯಪುಸ್ತಕವಿತ್ತು, ನೆಟ್‌ವರ್ಕಿನ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಒಎಸ್‌ಐ ಮಾದರಿಯ ಏಳು ಪದರಗಳಿದ್ದವು. ಆ ಏಳರ ಹೆಸರು ಬಾಯಿಪಾಠವಾಗಿದ್ದರೆ ಪಾಸಾಗಲು ಅಡ್ಡಿಯಿರಲಿಲ್ಲ. ನಾಲ್ಕು ಮಹಡಿಯ ಕಚೇರಿಯಲ್ಲಿ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಹುಬ್ಬಳ್ಳಿ ಶಾಖೆಯ ಲೈನು ಸತ್ತರೆ ಬೆಂಗಳೂರಿನವರಿಗೆ ಅದರ ಬಿಸಿ ಎಷ್ಟು ತಟ್ಟಬೇಕು, ಇಂಥದ್ದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುತ್ತಿರಲಿಲ್ಲ.

ನಾನು 1994ರಲ್ಲಿ ಕೆಲಸಕ್ಕೆ ಸೇರಿದಾಗ ಕೈಗೆ ಕೊಟ್ಟದ್ದು ಒಂದು ಕ್ರಿಂಪಿಂಗ್ ಟೂಲು, ಒಂದಷ್ಟು ಟಿ ಕನೆಕ್ಟರು, ಜೇಬಿಗೆ ಕೇಬಲ್ಲಿನ ತುದಿ ಮುಚ್ಚುವ ಎರಡು ಟರ್ಮಿನೇಟರು. ಆಗಿನ ಆಫೀಸುಗಳಲ್ಲಿ ತೆಳು ಕೋ-ಆಕ್ಸಿಯಲ್ ಕೇಬಲ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಲಾಗಿ ಓಡುತ್ತಿತ್ತು. ಒಂದು ತುಂಡು 185 ಮೀಟರ್ ಮೀರಬಾರದು, ಅದರ ಮೇಲೆ 30ಕ್ಕಿಂತ ಹೆಚ್ಚು ಕಡೆ ಯಂತ್ರ ಸಿಕ್ಕಿಸಬಾರದು, ಎರಡು ತುದಿಯಲ್ಲೂ 50 ಓಮ್‌ನ ಟರ್ಮಿನೇಟರ್ ಕೂತಿರಲೇಬೇಕು. ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆ ತಾಗಿ ಯಾವುದೋ ಮೇಜಿನ ಕೆಳಗೆ ಕನೆಕ್ಟರ್ ಕಳಚಿಕೊಂಡರೆ ಇಡೀ ಸಾಲಿನ ಅಷ್ಟೂ ಕಂಪ್ಯೂಟರ್ ಮೂಕ. ನಾವು ಹೋಗಿ ಸಾಲಿನ ನಡುವೆ ಕೇಬಲ್ ಬಿಡಿಸಿ, ಜೇಬಿನ ಟರ್ಮಿನೇಟರ್ ಹಾಕಿ, ಯಾವ ಅರ್ಧ ಬದುಕಿತು ಎಂದು ನೋಡುತ್ತಿದ್ದೆವು. ಸತ್ತ ಅರ್ಧವನ್ನು ಮತ್ತೆ ಅರ್ಧ ಮಾಡುವುದು, ಮತ್ತೆ ಟರ್ಮಿನೇಟರ್ ಹಾಕುವುದು. ಹೀಗೆ ಮೇಜಿನಡಿ ತೆವಳುತ್ತಲೇ ಈ ಕಸುಬಿನ ಮೂಲ ಪ್ರಶ್ನೆ ನನಗೆ ಹತ್ತಿದ್ದು: ಒಂದು ಕಡೆ ಕೆಟ್ಟರೆ ಆ ಕೇಡು ಎಲ್ಲಿಯವರೆಗೆ ಹರಡಬೇಕು?

ಊರಾಚೆಗಿನ ಸಂಪರ್ಕದ ಕಥೆ ಬೇರೆ. ಬೆಂಗಳೂರಿಗೆ ಅದು ಬಂದದ್ದು ಆಕಾಶಮಾರ್ಗವಾಗಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದ ಜೊತೆ ಕೊಂಡಿ ಹಾಕಿಕೊಂಡಿತು. 1986ರಲ್ಲಿ ಶುರುವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಜಾಲದ ಯೋಜನೆಯಲ್ಲಿ ಐಐಟಿಗಳ ಜೊತೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಹುಟ್ಟಿತು; ಎಲೆಕ್ಟ್ರಾನಿಕ್ಸ್ ಸಿಟಿಯ ಅದರ ಭೂಕೇಂದ್ರದಿಂದ ಊರೊಳಗಿನ ಕಂಪನಿಗಳಿಗೆ ಮೈಕ್ರೋವೇವ್ ರೇಡಿಯೊ ಮೂಲಕ ಲೈನು ಕೊಡತೊಡಗಿದರು. ಸೆಕೆಂಡಿಗೆ 64 ಕಿಲೋಬಿಟ್ ಎಂದರೆ ಆಗ ದೊಡ್ಡ ಕುಳಗಳ ಲೈನು. ಇವತ್ತಿನ ಮೊಬೈಲಿನ ಒಂದು ಫೋಟೊ ಅದರಲ್ಲಿ ಹೋಗಲು ಐದಾರು ನಿಮಿಷ ಬೇಕು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಾದ್ದರಿಂದ ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ದಾಟುತ್ತಿತ್ತು. ಎಷ್ಟೇ ದುಡ್ಡು ಸುರಿದರೂ ಆ ಅರ್ಧ ಸೆಕೆಂಡು ಕಡಿಮೆಯಾಗುವುದಿಲ್ಲ.

ಹೀಗಾಗಿ ಇಲ್ಲಿನವರು ಮೊದಲು ಕಲಿತದ್ದು ಜುಗ್ಗತನ. ಆಫೀಸಿನೊಳಗೆ ನೊವೆಲ್ ಕಂಪನಿಯ ನೆಟ್‌ವೇರ್ ಎಂಬ ಸರ್ವರ್ ತಂತ್ರಾಂಶ ರಾಜ್ಯವಾಳುತ್ತಿದ್ದ ಕಾಲ. ಅದರ ಪ್ರತಿ ಸರ್ವರು, ಪ್ರತಿ ಪ್ರಿಂಟರು 60 ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಕೂಗಿ ಹೇಳುತ್ತಿತ್ತು. ಆಫೀಸಿನ ಕೇಬಲ್ಲಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅದೇ ಕೂಗು 64 ಕಿಲೋಬಿಟ್ ಲೈನಿಗೆ ನುಗ್ಗಿದರೆ, ಚೆನ್ನೈನ ಪ್ರಿಂಟರು ಬದುಕಿದೆ ಎಂಬ ಸುದ್ದಿಗೆ ಬೆಂಗಳೂರಿನ ಕಂಪನಿ ದುಡ್ಡು ಕಟ್ಟಿದಂತೆ. ಯಾವ ಕೂಗು ಲೈನು ದಾಟಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು, ಆಫೀಸಿನ ಜಾಲವನ್ನೂ ಹೊರಗಿನ ಲೈನನ್ನೂ ಬೆಸೆಯುವ ರೌಟರಿನಲ್ಲಿ ಪಟ್ಟಿ ಬರೆಯುವುದೇ ಆಗಿನ ವಿನ್ಯಾಸ. ಬ್ಯಾಂಡ್‌ವಿಡ್ತ್ ಧಾರಾಳವಾಗಿದ್ದ ಅಮೆರಿಕದ ಎಂಜಿನಿಯರುಗಳಿಗಿಂತ ನಮ್ಮವರು ಈ ವಿಷಯದಲ್ಲಿ ಚುರುಕಾಗಿದ್ದರು ಎಂದೇ ನನ್ನ ಅನಿಸಿಕೆ. ಅಭಿಮಾನದ ಮಾತು ಎಂದರೂ ಸರಿಯೇ.

ಕೋ-ಆಕ್ಸಿಯಲ್ ಕಾಲ ಬೇಗ ಮುಗಿಯಿತು. 1990ರ ಹೊಸ ಮಾನದಂಡದ ತಿರುಚಿದ ಜೋಡಿ ತಂತಿ ಬಂತು, ಪ್ರತಿ ಮೇಜಿಗೂ ಪ್ರತ್ಯೇಕ ಎಳೆ, ಗರಿಷ್ಠ 100 ಮೀಟರ್. ಎಳೆಗಳೆಲ್ಲ ಸೇರುವಲ್ಲಿ ಮೊದಲು ಹಬ್, ಆಮೇಲೆ ಸ್ವಿಚ್. ಸ್ವಿಚ್‌ಗಳು ಅಗ್ಗವಾದದ್ದೇ ತಡ, ಎಲ್ಲರೂ ಒಂದಕ್ಕೊಂದು ಚುಚ್ಚುತ್ತಾ ಹೋದರು. ಇಡೀ ಕಟ್ಟಡವೇ ಒಂದು ಬಯಲು. ಈ ಬಯಲಿನಲ್ಲಿ ಯಾರೋ ಗೊತ್ತಿಲ್ಲದೆ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಯ ಎರಡು ತೂತಿಗೆ ಸಿಕ್ಕಿಸಿದರೆ ಸುತ್ತು ಹುಟ್ಟುತ್ತದೆ. ಎಲ್ಲರಿಗೂ ಎಂದು ಕಳಿಸಿದ ಸಂದೇಶ ಆ ಸುತ್ತಿನಲ್ಲಿ ತಿರುಗುತ್ತಾ ಬೆಳೆಯುತ್ತದೆ; ನಿಲ್ಲಲು ಅದಕ್ಕೆ ಕಾರಣವೇ ಇಲ್ಲ. ಸ್ವಿಚ್ ಕೋಣೆಗೆ ಹೋದರೆ ಸಾಲಿನ ಹಸಿರು ದೀಪಗಳೆಲ್ಲ ಒಂದೇ ತಾಳಕ್ಕೆ ಮಿನುಗುತ್ತಿರುತ್ತವೆ. ಅದನ್ನು ನೋಡಿದವರು ಮರೆಯುವುದಿಲ್ಲ.

ಇದಕ್ಕೆ ಮದ್ದು ಮೊದಲೇ ಇತ್ತು. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲಿ ಪ್ರಕಟಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನ ಹೆಚ್ಚುವರಿ ದಾರಿಗಳನ್ನು ತಾನಾಗಿ ಮುಚ್ಚಿ ಸುತ್ತು ಆಗದಂತೆ ನೋಡಿಕೊಳ್ಳುತ್ತದೆ. ಮ್ಯಾನೇಜರು ಸಮಸ್ಯೆ ಒಪ್ಪಿಸಿ ವಾರದ ರಜೆಗೆ ಹೋದರಂತೆ. ಆಕೆ ಎರಡು ದಿನದಲ್ಲಿ ವಿವರಣೆ ಬರೆದು ಮುಗಿಸಿ, ಮಿಕ್ಕ ದಿನಗಳಲ್ಲಿ ಅದರ ಮೇಲೊಂದು ಪದ್ಯ ಕಟ್ಟಿದರಂತೆ. ಮದ್ದು ಒಳ್ಳೆಯದೇ. ಆದರೆ ಮದ್ದಿದೆ ಎಂಬ ಧೈರ್ಯದಲ್ಲಿ ಜನ ಬಯಲನ್ನು ಇನ್ನೂ ದೊಡ್ಡದು ಮಾಡಿದರು.

ಅದರ ಬೆಲೆ ಬಹಿರಂಗವಾಗಿ ತೆತ್ತದ್ದು ಅಮೆರಿಕದ ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ, 2002ರ ನವೆಂಬರಿನಲ್ಲಿ. ವರ್ಷಗಳಿಂದ ತೇಪೆ ಹಾಕುತ್ತಾ ಬೆಳೆಸಿದ ನೆಟ್‌ವರ್ಕ್ ಅದು. ಸ್ಪ್ಯಾನಿಂಗ್ ಟ್ರೀಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ ದಾಟಬಾರದೆಂಬ ಮಿತಿಯುಂಟು. ಅಲ್ಲಿ ಅದು ಮೀರಿಹೋಗಿತ್ತು. ಒಬ್ಬ ಸಂಶೋಧಕ ಭಾರಿ ಗಾತ್ರದ ದತ್ತಾಂಶವನ್ನು ಹರಿಯಬಿಟ್ಟಾಗ ಇಡೀ ಆಸ್ಪತ್ರೆಯ ನೆಟ್‌ವರ್ಕ್ ಕುಸಿಯಿತು. ಸುಮಾರು ನಾಲ್ಕು ದಿನ ವೈದ್ಯರು ಕಾಗದದ ಮೇಲೆ ಚೀಟಿ ಬರೆದರು, ಲ್ಯಾಬ್ ವರದಿಗಳನ್ನು ಕೈಯಲ್ಲಿ ಹಿಡಿದು ಓಡಾಡಿದರು. ನನಗೆ ಆ ಆಸ್ಪತ್ರೆಯ ಮೇಲೆ ಗೌರವ ಬಂದದ್ದು ನಂತರದ ನಡೆಯಿಂದ. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ನಡೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಿದರು. ನಮ್ಮಲ್ಲಾಗಿದ್ದರೆ ‘ತಾಂತ್ರಿಕ ಕಾರಣ’ ಎಂಬ ಎರಡು ಪದದಲ್ಲಿ ಮುಗಿದಿರುತ್ತಿತ್ತು. ಪಾಠ ಹೇಳುವಾಗ ಹುಡುಗರಿಗೆ ನಾನು ಇವತ್ತಿಗೂ ಮೊದಲು ಹೇಳುವುದು ಈ ಕಥೆಯನ್ನೇ.

ಆ ಹೊತ್ತಿಗೆ ಕಸುಬಿನವರು ಮೂರು ಹಂತದ ವಿನ್ಯಾಸಕ್ಕೆ ಬಂದು ನಿಂತಿದ್ದರು: ಬಳಕೆದಾರರು ಸೇರುವ ಆಕ್ಸೆಸ್, ಅವನ್ನು ಒಟ್ಟುಗೂಡಿಸುವ ಡಿಸ್ಟ್ರಿಬ್ಯೂಷನ್, ನಡುವಿನ ಕೋರ್. ನಮ್ಮ ಕಂದಾಯ ಇಲಾಖೆಯ ಹೋಬಳಿ, ತಾಲ್ಲೂಕು, ಜಿಲ್ಲೆಯ ಹಾಗೆಯೇ. ಹೋಬಳಿಯ ಜಗಳ ಹೋಬಳಿಯಲ್ಲೇ ತೀರಬೇಕು, ಜಿಲ್ಲಾಧಿಕಾರಿಯ ನಿದ್ದೆ ಕೆಡಿಸಬಾರದು. 2005ರಲ್ಲಿ ಕೇಂದ್ರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯಂತೂ ಅಕ್ಷರಶಃ ಹೀಗೇ ಇತ್ತು: ರಾಜಧಾನಿಯಿಂದ ಜಿಲ್ಲೆಗೆ, ಅಲ್ಲಿಂದ ಬ್ಲಾಕಿಗೆ, ಕನಿಷ್ಠ 2 ಮೆಗಾಬಿಟ್.

ಹಂತ ಕಟ್ಟಿದರೆ ಸಾಲದು, ವಿಳಾಸವೂ ಹಂತಕ್ಕೆ ಹೊಂದಬೇಕು. 1996ರಲ್ಲಿ ಖಾಸಗಿ ವಿಳಾಸಗಳ ನಿಯಮ ಈಗಿನ ರೂಪಕ್ಕೆ ಬಂದಾಗ 10ರಿಂದ ಶುರುವಾಗುವ ಇಡೀ ಸರಣಿಯನ್ನು ಯಾವ ಕಂಪನಿ ಬೇಕಾದರೂ ಒಳಗೊಳಗೆ ಬಳಸಬಹುದಾಯಿತು. ಕೋಟಿಗಟ್ಟಲೆ ವಿಳಾಸ ಪುಕ್ಕಟೆ ಸಿಕ್ಕಿದ ಖುಷಿಯಲ್ಲಿ ಬಂದವರಿಗೆ ಬಂದಂತೆ ಹಂಚಿದವರೇ ಹೆಚ್ಚು. ಬುದ್ಧಿವಂತರು ಹುಬ್ಬಳ್ಳಿ ವಲಯಕ್ಕೆ ಒಟ್ಟಾಗಿ ಒಂದು ದೊಡ್ಡ ತುಂಡು ತೆಗೆದಿಟ್ಟರು. ಆಗ ಬೆಂಗಳೂರಿನ ರೌಟರಿನ ದಾರಿಪಟ್ಟಿಯಲ್ಲಿ ಹುಬ್ಬಳ್ಳಿಯ ನೂರು ಶಾಖೆಯೂ ಒಂದೇ ಸಾಲು. ಅಲ್ಲಿನ ಒಂದು ಲೈನು ಹೋಗಿಬಂದು ಮಾಡಿದರೂ ಇಲ್ಲಿ ಯಾರೂ ಲೆಕ್ಕ ಬದಲಿಸಬೇಕಿಲ್ಲ.

ಕಾಗದದ ಮೇಲೆ ಎಲ್ಲ ಸರಿಯಿದ್ದೂ ಕೆಡುವುದುಂಟು. ನಾವು ಕೆಲಸ ಮಾಡಿಕೊಟ್ಟ ಒಂದು ಸಂಸ್ಥೆಗೆ ಎರಡು ಬೇರೆ ಬೇರೆ ಕಂಪನಿಗಳಿಂದ ಎರಡು ಲೈನು ತಂದಿದ್ದೆವು. ಒಂದು ಮಧ್ಯಾಹ್ನ ರಸ್ತೆ ಅಗೆಯುತ್ತಿದ್ದ ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕತ್ತರಿಸಿತು. ಎರಡೂ ಕಂಪನಿ ಎಳೆದದ್ದು ಒಂದೇ ಚರಂಡಿಯಲ್ಲಿ. ಅಂದಿನಿಂದ ಲೈನಿನ ಒಪ್ಪಂದದಲ್ಲಿ ‘ಯಾವ ರಸ್ತೆಯ ಯಾವ ಬದಿ’ ಎಂದು ಬರೆಸಿಕೊಳ್ಳುವುದು ನಮ್ಮ ರೂಢಿಯಾಯಿತು.

ಈ ಕಸುಬಿಗೆ ಪರೀಕ್ಷೆಯ ಗೌರವ ತಂದದ್ದು ರೌಟರು-ಸ್ವಿಚ್ ತಯಾರಿಸುವ ಸಿಸ್ಕೊ ಕಂಪನಿ, 1993ರಲ್ಲಿ, ಸಿಸಿಐಇ ಎಂಬ ಪ್ರಮಾಣಪತ್ರದ ಮೂಲಕ. ಪ್ರಮಾಣಪತ್ರದ ಕ್ರಮಸಂಖ್ಯೆಗಳಲ್ಲಿ 1024ನ್ನು ಪರೀಕ್ಷಾ ಪ್ರಯೋಗಾಲಯಕ್ಕೇ ಇಟ್ಟು, 1025ರಿಂದ ಮನುಷ್ಯರಿಗೆ ಕೊಟ್ಟರು. ಎರಡು ದಿನದ ಪರೀಕ್ಷೆ. ಎರಡನೆಯ ದಿನ ಅಭ್ಯರ್ಥಿ ಊಟಕ್ಕೆ ಹೋದಾಗ ಅವನು ಕಟ್ಟಿದ್ದನ್ನು ಪರೀಕ್ಷಕರು ಬೇಕೆಂದೇ ಕೆಡಿಸಿಡುತ್ತಿದ್ದರು. 2001ರಲ್ಲಿ ಅದು ಒಂದೇ ದಿನಕ್ಕೆ ಇಳಿಯಿತು, ಕೆಡಿಸಿಡುವ ಭಾಗವೂ ಹೋಯಿತು. ಅದು ಕೆಟ್ಟ ತೀರ್ಮಾನ. ಮುಂದೆ ಆ ಭಾಗವನ್ನು ಅವರೇ ಮರಳಿ ತಂದರು. ನಮ್ಮೂರಿನಲ್ಲಿ ಅಷ್ಟರಲ್ಲಿ ಪ್ರಶ್ನೋತ್ತರದ ಜೆರಾಕ್ಸ್ ಕಂತೆ ಓದಿ ಸರ್ಟಿಫಿಕೇಟು ಗಳಿಸುವ ದಂಧೆ ಬೇರೂರಿತ್ತು. ಒಂದೂ ಕಮಾಂಡ್ ಬರೆಸದೆ, ಕಾಗದಪತ್ರ ಓದಿಸಿ ತೀರ್ಮಾನವನ್ನಷ್ಟೇ ಕೇಳುವ ಸಿಸಿಡಿಇ ಎಂಬ ಸಿಸ್ಕೊದ್ದೇ ವಿನ್ಯಾಸ ಪರೀಕ್ಷೆ ಆಮೇಲೆ ಬಂತು. ವಿನ್ಯಾಸಕ್ಕೆಂದೇ ಇರುವ ಪರೀಕ್ಷೆಗಳಲ್ಲಿ ನಾನು ಮೆಚ್ಚುವುದು ಅದೊಂದನ್ನೇ.

ಆದರೆ ಬೆಂಗಳೂರಿನ ಈ ಕಸುಬಿನ ಚರಿತ್ರೆ ಇರುವುದು ಸರ್ಟಿಫಿಕೇಟುಗಳಲ್ಲಲ್ಲ, ಹಳೆಯ ನಕ್ಷೆಗಳಲ್ಲಿ: ಎ3 ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತಿದ್ದಿದ ಕೇಬಲ್ ದಾರಿಗಳು, ಅಂಚಿನಲ್ಲಿ ಗೀಚಿದ ವಿಳಾಸದ ಲೆಕ್ಕ. ಕಚೇರಿ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಅವೇ. 80-90ರ ದಶಕದ ಅಂಥ ಹಾಳೆಗಳು ನಿಮ್ಮ ಬೀರುವಿನಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಕಲಿಯಲು ಬಂದ ಹುಡುಗರ ಮುಂದೆ ಹರಡಿ, ಯಾವ ಗೆರೆ ಏಕೆ ಎಳೆದಿರೆಂದು ಹೇಳಿ.