ಬರದ ಲೆಕ್ಕ, ಮುಪ್ಪಿನ ಲೆಕ್ಕ

2010ರಲ್ಲಿ ಅಣ್ಣಿಗೇರಿಯ ಚರಂಡಿಯೊಂದರಲ್ಲಿ ಮನುಷ್ಯರ ತಲೆಬುರುಡೆಗಳು ಸಾಲುಸಾಲಾಗಿ ಕಾಣಿಸಿಕೊಂಡವು. ಅಗೆದಂತೆಲ್ಲ ನೂರಾರು ಸಿಕ್ಕವು. ಆದಿಕವಿ ಪಂಪನ ಊರು, ಅಮೃತೇಶ್ವರ ಗುಡಿಯ ಊರು ಎಂದು ಹೆಸರಾಗಿದ್ದ ಅಣ್ಣಿಗೇರಿ ಕೆಲಕಾಲ ಬುರುಡೆಗಳ ಊರಾಯಿತು. ಯುದ್ಧದಲ್ಲಿ ಸತ್ತವರೆಂದು ಕೆಲವರು, 1790ರ ದಶಕದ ಡೋಗಿ ಬರದಲ್ಲಿ ಸತ್ತವರೆಂದು ಕೆಲವರು ವಾದಿಸಿದರು.

ಆ ವಾದ ಹಾಗಿರಲಿ. ಈ ಸೀಮೆಯ ಇನ್ನೊಂದು ಬರದ ಸಾವುಗಳಿಗೆ ಬುರುಡೆಗಳ ಸಾಕ್ಷಿ ಬೇಕಿಲ್ಲ, ಜನಗಣತಿಯೇ ಸಾಕು. 1872ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಕಡಿಮೆ ಇತ್ತು. 1881ರಲ್ಲಿ ಅದು 8.82 ಲಕ್ಷಕ್ಕೆ ಇಳಿಯಿತು. ನಡುವೆ ಬಂದದ್ದು 1876–78ರ ಬರ. ಸತ್ತವರು ಸತ್ತರು, ಗುಳೆ ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರಲಿಲ್ಲ.

ಬರ ಎಲ್ಲರನ್ನೂ ಒಂದೇ ಸಮನೆ ಒಯ್ಯುವುದಿಲ್ಲ. ಮೊದಲು ಹೋಗುವವರು ಹಸುಗೂಸುಗಳು ಮತ್ತು ಮುದುಕರು. ಹಸಿದ ಮನೆಯಲ್ಲಿ ತೊಟ್ಟಿಲೂ ಕಟ್ಟುವುದಿಲ್ಲ. ಅಂದು ಹುಟ್ಟದೇ ಹೋದ ಮಕ್ಕಳ ಕೊರತೆ ಹದಿನೈದು ಇಪ್ಪತ್ತು ವರ್ಷಗಳ ನಂತರ ಹೊಲದಲ್ಲಿ ಕಾಣುತ್ತದೆ. ಎರೆ ಭೂಮಿ ಇರುತ್ತದೆ, ಬಿತ್ತುವ ಕೈಗಳಿರುವುದಿಲ್ಲ.

ಆ ಬರದಲ್ಲಿ ಸರ್ಕಾರ ಕೆರೆ, ರಸ್ತೆಗಳ ಕೆಲಸ ತೆರೆಯಿತು. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿ ಇಳಿಸಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಸ್ವಲ್ಪ ಕಾಸು ಸಾಕೆಂದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಪುಣೆಯ ಸಾರ್ವಜನಿಕ ಸಭೆ ಇದನ್ನು ವಿರೋಧಿಸಿತು. ದುಡಿಯುವವನಿಗೇ ಇಷ್ಟು ಎಂದಮೇಲೆ ದುಡಿಯಲಾರದ ಮುದುಕಿಗೆ ಎಷ್ಟು? ಮನುಷ್ಯನನ್ನು ಅವನ ದುಡಿಮೆಯಿಂದಲೇ ತೂಗುವ ತಕ್ಕಡಿ ಅದು.

ಇಂದು ಕಾಲ ಬದಲಾಗಿದೆ. ಮಕ್ಕಳು ಬದುಕುತ್ತಾರೆ, ಹಿರಿಯರೂ ಬದುಕುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. 2011ರ ಗಣತಿಯಲ್ಲೇ ರಾಜ್ಯದ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರಿದ್ದರು.

ಹೀಗಾಗಿ ಹೊಲದಲ್ಲಿ ಮತ್ತೆ ಕೈಗಳ ಕೊರತೆ. ಈ ಸಲದ ಕಾರಣ ಸಾವಲ್ಲ, ಶಾಲೆ ಮತ್ತು ಪಟ್ಟಣ. ಓದಿದ ಮಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಅಪ್ಪ ಹೊಲವನ್ನು ಲಾವಣಿಗೆ ಕೊಡುತ್ತಾನೆ. ನೌಕರನಿಗೆ ಪಿಂಚಣಿ ಉಂಟು, ಒಕ್ಕಲಿಗನಿಗೆ ಆ ಲಾವಣಿ ಹಣವೇ ಪಿಂಚಣಿ. ಜಮೀನಿಲ್ಲದ ಕೂಲಿಯವಳಿಗೆ ಅದೂ ಇಲ್ಲ. ಆಕೆಗಿರುವುದು 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷೆಯಂಥ ಮಾಸಾಶನ, ಇಲ್ಲವೇ ಮಗಳ ಮನೆ.

ಹಿರಿಯರ ಸಂಖ್ಯೆ ಹೆಚ್ಚಿದರೆ ಆರ್ಥಿಕತೆಗೆ ಭಾರ ಎಂಬ ಮಾತು ಈಗ ಪದೇ ಪದೇ ಕೇಳಿಬರುತ್ತದೆ. ಮುದುಕರು ಉಳಿಯದ ಕಾಲವೊಂದನ್ನು ಈ ನೆಲ ಕಂಡಿದೆ. ಆಗ ಯಾರ ಭಾರವೂ ಇಳಿಯಲಿಲ್ಲ, ಊರುಗಳು ಬರಿದಾದವು. ಮುಪ್ಪು ನಮ್ಮ ಸೀಮೆ ಬರವನ್ನು ಗೆದ್ದು ಪಡೆದ ಗಳಿಕೆ. ಆ ಗಳಿಕೆಯನ್ನು ಟೆಂಪಲ್‌ನ ತಕ್ಕಡಿಯಲ್ಲಿ ತೂಗುವುದು ಬೇಡ.