ಅಜ್ಜಿಗೆ ಕೇಳಬಾರದು, ತೋಟಕ್ಕೆ ಕೇಳಬೇಕು!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಕಿವಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನ ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದೇ ಹೇಳುತ್ತೆ. ಈಗ ಅಂಥದ್ದೇ ಒಂದು ಮನೆಗೆ ಎಲೆಕ್ಟ್ರಿಕ್ ಗಿಟಾರ್ ಬಂತು ಅಂದುಕೊಳ್ಳಿ. ಅದಕ್ಕೆ ಯಾವ ಆಂಪ್ಲಿಫೈಯರ್ ತರೋದು? ಸಂಜೆ ತೋಟದಲ್ಲಿ ಜೋರಾಗಿ ಬಾರಿಸಬೇಕು, ರಾತ್ರಿ ಅಜ್ಜಿ ಮಲಗಿದ ಮೇಲೆ ಮೆಲ್ಲಗೆ ಅಭ್ಯಾಸ ಮಾಡಬೇಕು. ಅಂಗಡಿಯಲ್ಲಿ ಮಾತ್ರ ಮೊದಲು ಬರೋ ಮಾತು, "ಎಷ್ಟು ವ್ಯಾಟ್ ಬೇಕು?"

ನನಗನ್ನಿಸೋದು, ಈ ಪ್ರಶ್ನೆಯೇ ಮನೆಯದ್ದಲ್ಲ, ಸಭಾಂಗಣದ್ದು. ಅದು ಹೇಗೆ ಮನೆಯೊಳಗೆ ಬಂತು ಅನ್ನೋದೇ ಒಂದು ಕತೆ.

ಕರೆಂಟಿಲ್ಲದ ಕಾಲದಲ್ಲಿ ಸಮಸ್ಯೆ ಒಂದೇ ಇತ್ತು: ದೂರದವರಿಗೆ ಕೇಳಿಸೋದು ಹೇಗೆ? ನಮ್ಮ ಕಡೆಯ ಮೂಡಲಪಾಯ ಬಯಲಾಟ ನೋಡಿದವರಿಗೆ ಮುಖವೀಣೆ ಗೊತ್ತು. ಗೇಣುದ್ದದ ವಾದ್ಯ, ಆದರೆ ಅದರ ಚೂಪು ದನಿ ಬಯಲಿನ ಆ ತುದಿಗೂ ಮುಟ್ಟುತ್ತೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯಲ್ಲಿ ನಟರ ಗಂಟಲೇ ಲೌಡ್ ಸ್ಪೀಕರ್. ತಿಪಟೂರಿನ ನರಸಿಂಹರಾಜು ಕೂಡ ಸಿನಿಮಾಕ್ಕೆ ಮೊದಲು ಪಳಗಿದ್ದು ನಾಟಕ ಕಂಪನಿಗಳಲ್ಲೇ. ಕೊನೇ ಸಾಲಿನಲ್ಲಿ ಕೂತವನೂ ಕಾಸು ಕೊಟ್ಟೇ ಬಂದಿರ್ತಾನಲ್ಲ, ಅವನಿಗೂ ಕೇಳಬೇಕು :-)

ತಂತಿವಾದ್ಯದವರ ಪಾಡು ಇನ್ನೂ ಕಷ್ಟ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರಿಗೆ ತಮ್ಮ ಪಿಟೀಲಿನ ನಾದ ದೊಡ್ಡ ಸಭೆಗೆ ಸಾಲದು ಅನ್ನಿಸಿತು. 1927ರ ಸುಮಾರಿಗೆ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಸೋಜಿಗ ಅಂದರೆ, ಅದೇ 1927ರಲ್ಲಿ ಅಮೆರಿಕದ ನ್ಯಾಷನಲ್ ಕಂಪನಿ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಕೋನ್ ಇಟ್ಟ ಗಿಟಾರ್ ತಂತು. ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸ್ತಾ ಇರಲಿಲ್ಲ, ಅದಕ್ಕೆ. ಇಲ್ಲಿ ತಂತಿ ಜಾಸ್ತಿ ಮಾಡಿದರು, ಅಲ್ಲಿ ತಗಡು ಸೇರಿಸಿದರು. ಇಬ್ಬರ ಚಿಂತೆಯೂ ಒಂದೇ.

1930ರ ದಶಕದ ಶುರುವಿನಲ್ಲಿ ರಿಕೆನ್‌ಬ್ಯಾಕರ್ ಕಂಪನಿಯ ಗಿಟಾರಿಗೆ ಆಯಸ್ಕಾಂತದ ಪಿಕಪ್ ಬಂತು. ತಂತಿಯ ನಡುಕವೇ ವಿದ್ಯುತ್ತಾಗಿ ವಾಲ್ವ್ ಆಂಪ್ಲಿಫೈಯರಿಗೆ ಹೋಯ್ತು. ಆಮೇಲೆ ನಡೆದದ್ದು ಬರೀ ಪೈಪೋಟಿ. ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ಲಿಫೈಯರ್ ಮಾಡೋಕೆ ಶುರು ಮಾಡಿದ. ದಿ ಹೂ ತಂಡದವರಿಗೆ ಅದೂ ಸಾಲದೆ 1965ರಲ್ಲಿ 100 ವ್ಯಾಟಿನದು ಹುಟ್ಟಿತು. ಇವತ್ತು ಅಂಗಡಿಯಲ್ಲಿ ಕಾಣೋ ದೊಡ್ಡ ಡಬ್ಬಗಳೆಲ್ಲ ಅದರ ಮೊಮ್ಮಕ್ಕಳೇ.

ನಮ್ಮಲ್ಲಿ ಅದೇ ಕೆಲಸ ಮಾಡಿದ್ದು ಮೈಕ್ ಸೆಟ್. ಜಾತ್ರೆ, ಮದುವೆ, ಹರಿಕಥೆ ಏನೇ ಇರಲಿ, ಕಂಬಕ್ಕೋ ತೆಂಗಿನ ಮರಕ್ಕೋ ಹಾರ್ನ್ ಕಟ್ಟಿದರೆ ಪಕ್ಕದ ಊರಿಗೂ ಸುದ್ದಿ. ಆದರೆ ಒಂದು ಮಾತು: ಅಗ್ಗಕ್ಕೆ ಸಿಕ್ತು ಅಂತ ಮೈಕ್ ಸೆಟ್ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಬೇಡಿ. ಗಿಟಾರ್ ಪಿಕಪ್ಪಿಗೆ ಸುಮಾರು ಒಂದು ಮೆಗಾಓಮ್ ಇನ್‌ಪುಟ್ ಬೇಕು, ಮೈಕಿನ ಇನ್‌ಪುಟ್ ಅದಕ್ಕಿಂತ ಬಹಳ ಕಡಿಮೆ, ನಾದ ಮಂಕಾಗುತ್ತೆ. ಹಾರ್ನ್ ಇರೋದು ಮಾತಿಗೆ, ಅದರಲ್ಲಿ ಮಂದ್ರವೇ ಇಲ್ಲ.

ಸರಿ, ಈಗ ವ್ಯಾಟಿನ ಲೆಕ್ಕ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರೋದು ಬರೀ 3 ಡೆಸಿಬೆಲ್. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 100 ವ್ಯಾಟಿನದು 10 ವ್ಯಾಟಿನದಕ್ಕಿಂತ ಹತ್ತರಷ್ಟಲ್ಲ, ಹೆಚ್ಚುಕಡಿಮೆ ಎರಡರಷ್ಟು ಜೋರು, ಅಷ್ಟೇ! ಒಳ್ಳೇ ಗಿಟಾರ್ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಕೊಡುತ್ತೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತೆ. ಮೂವತ್ತಡಿ ಅಂತರದಲ್ಲಿ ನೆಟ್ಟ ತೆಂಗಿನ ಸಾಲಿನಲ್ಲಿ ಏಳು ಮರ ದಾಟಿದರೆ 64 ಮೀಟರ್. ಅಲ್ಲೂ 64 ಡೆಸಿಬೆಲ್ ಉಳಿದಿರುತ್ತೆ, ಅಂದರೆ ಎದುರು ಕೂತು ಮಾತಾಡಿದಷ್ಟು. ಇದು ಒಂದು ವ್ಯಾಟಿನ ಕತೆ ಮಾರಾಯ್ರೆ! 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ ಇದೆ. ಪೇಟೆಯ ಒತ್ತುಗೋಡೆ ಮನೆಯಲ್ಲಿ 100 ವ್ಯಾಟ್ ಇಟ್ಟುಕೊಂಡು ಏನು ಮಾಡ್ತೀರಿ?

ಆದರೆ ತಾಪತ್ರಯ ಇರೋದು ಮೆಲ್ಲಗೆ ನುಡಿಸುವಾಗಲೇ. ವಾಲ್ವ್ ಆಂಪ್ಲಿಫೈಯರಿನ ಆ ಹುರಿದ ನಾದ ಬರೋದು ಅದು ದಣಿಯುವಷ್ಟು ದುಡಿದಾಗ. ಸದ್ದು ಇಳಿಸಿದರೆ ನಾದವೂ ಸಪ್ಪೆ. ಜೊತೆಗೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ ಹಾಗೆ, ಮೆಲುದನಿಯಲ್ಲಿ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳಿಸೋದೇ ಇಲ್ಲ. ಹಾಗಾಗಿ ರಾತ್ರಿ ನುಡಿಸುವಾಗ ಬೇಸ್ ಗುಂಡಿ ಒಂಚೂರು ಏರಿಸಿ. ಹಗಲಿಗೆ ಇಳಿಸೋದು ಮರೀಬೇಡಿ.

ಈ ತಾಪತ್ರಯಕ್ಕೆ ಮದ್ದು ಹುಡುಕೋಕೆ ಬಹಳ ವರ್ಷ ಬೇಕಾಯ್ತು. ಮಾರ್ಷಲ್ 1975ರಲ್ಲಿ ಮಾಸ್ಟರ್ ವಾಲ್ಯೂಮ್ ತಂದ: ಒಂದು ಗುಂಡಿ ನಾದಕ್ಕೆ, ಇನ್ನೊಂದು ಸದ್ದಿಗೆ. ಬಾಸ್ಟನ್ ತಂಡದ ಟಾಮ್ ಶೋಲ್ಜ್ 1980ರಲ್ಲಿ ಪವರ್ ಸೋಕ್ ಅನ್ನೋ ಡಬ್ಬ ಮಾಡಿದ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಕೂತು ಹೆಚ್ಚಿನ ಶಕ್ತಿಯನ್ನ ಬಿಸಿ ಮಾಡಿ ಕಳೆಯೋದು ಅದರ ಕೆಲಸ. ಎರಡು ವರ್ಷಕ್ಕೆ ಅವನದೇ ರಾಕ್‌ಮ್ಯಾನ್, ಬರೀ ಹೆಡ್‌ಫೋನಿಗೆ. 1996ರಲ್ಲಿ ಲೈನ್ 6 ಕಂಪನಿ ವಾಲ್ವಿನ ನಡವಳಿಕೆಯನ್ನ ಡಿಜಿಟಲ್ ಲೆಕ್ಕದಲ್ಲಿ ಅನುಕರಿಸುವ ಆಂಪ್ಲಿಫೈಯರ್ ತಂತು. 2011ರ ಯಮಹಾ ಟಿಎಚ್‌ಆರ್ ಹುಟ್ಟಿದ್ದೇ ಮನೆಗೆ. 2016ರ ಬಾಸ್ ಕಟಾನಾದಲ್ಲಿ ಒಂದೇ ಗುಂಡಿಯಲ್ಲಿ ಅರ್ಧ ವ್ಯಾಟಿಗೆ ಇಳಿಸಬಹುದು. ಜೋರು ಮಾಡೋಕೆ ತಿಣುಕಿದ ಇತಿಹಾಸ ಈಗ ಮೆಲ್ಲಗೆ ಮಾಡೋಕೆ ತಿಣುಕ್ತಾ ಇದೆ, ನೋಡಿ!

ಹಾಗಾಗಿ ನನ್ನ ಮಾತು ಇಷ್ಟು. "ಎಷ್ಟು ವ್ಯಾಟ್" ಅನ್ನೋದು ಬಿಟ್ಟು, "ಎಷ್ಟು ಕೆಳಗೆ ಇಳಿಸಿದರೂ ಚೆನ್ನಾಗಿ ಕೇಳುತ್ತೆ" ಅಂತ ವಿಚಾರಿಸಿ. ಅಂಗಡಿಯಲ್ಲಿ ಮಾತಾಡೋ ದನಿಗಿಂತ ಮೆಲ್ಲಗಿಟ್ಟು ಐದು ನಿಮಿಷ ನುಡಿಸಿ ನೋಡಿ. ಮಾಸ್ಟರ್ ವಾಲ್ಯೂಮ್, ಹೆಡ್‌ಫೋನ್ ಕಿಂಡಿ, ಆದರೆ ವ್ಯಾಟ್ ಇಳಿಸೋ ಗುಂಡಿ ಇರಲಿ. ಸ್ಪೀಕರ್ ಎಂಟಿಂಚಿಗಿಂತ ಹತ್ತೋ ಹನ್ನೆರಡೋ ಇಂಚಿದ್ದರೆ ತುಂಬು ನಾದ ಬರೋ ಸಾಧ್ಯತೆ ಹೆಚ್ಚು. ವಿದೇಶದಿಂದ ಯಾರಾದರೂ ತಂದುಕೊಟ್ಟರೆ ಹಿಂದೆ 230 ವೋಲ್ಟ್ ಅಂತ ಇದೆಯಾ ನೋಡಿ. 120ರದ್ದನ್ನ ನೇರ ಸಿಕ್ಕಿಸಿದರೆ ಹೊಗೆ ಗ್ಯಾರಂಟಿ. ತೋಟದ ಮನೆಗಾದರೆ, ಪಂಪ್‌ಸೆಟ್ ಶುರುವಾದಾಗ ಬಲ್ಬು ಮಂಕಾಗುತ್ತಾ ಗಮನಿಸಿ, ಆದರೆ ಒಂದು ಸ್ಟೆಬಿಲೈಜರ್ ಹಾಕಿಸಿ.

ಜೋರಾಗಿ ಬಾರಿಸೋಕೆ ತೋಟ ಹೇಗೂ ಇದೆ. ಕೈ ಪಳಗೋದು ಮಾತ್ರ ಅಜ್ಜಿಯ ನಿದ್ದೆ ಕೆಡದ ಆ ರಾತ್ರಿಗಳಲ್ಲೇ.

ನಿಮ್ಮೂರಿನ ಮೈಕ್ ಸೆಟ್ಟಿನ ಕತೆಗಳಿದ್ದರೆ ನೀವೂ ಬರೀರಿ...